ಬಾಗಿಲು ತೆರೆದವರು

(ನಮ್ಮ ಸಂಘದ ಉಚಿತ ವಾಚನಾಲಯದ ಸೆಪ್ಟೆಂಬರ್ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಸೆಪ್ಟೆಂಬರ್ 17 ಬಂದಿತೆಂದರೆ ನಮ್ಮ ಕಡೆಯ ಜಿಲ್ಲೆಗಳಲ್ಲಿ ಧ್ವಜವೇರುತ್ತದೆ. ಬೀದರ, ಕಲಬುರಗಿ, ರಾಯಚೂರು, ಕೊಪ್ಪಳ, ಯಾದಗಿರಿಗಳಲ್ಲಿ ಭಾಷಣಗಳಾಗುತ್ತವೆ. 1948ರ ಆ ದಿನ ನಿಜಾಮರು ಶರಣಾದುದನ್ನೂ, ಸರದಾರ ಪಟೇಲರನ್ನೂ, ಸಿಂದಗಿಯಲ್ಲಿ ಹುಟ್ಟಿ ಈ ಸಂಸ್ಥಾನದ ಬಿಡುಗಡೆಗಾಗಿ ಸೆರೆಮನೆ ಕಂಡ ಸ್ವಾಮಿ ರಮಾನಂದ ತೀರ್ಥರನ್ನೂ, ಮುಂಡರಗಿಯಲ್ಲಿ ಗಡಿ ಶಿಬಿರ ನಡೆಸಿದ ಅಳವಂಡಿ ಶಿವಮೂರ್ತಿಸ್ವಾಮಿಗಳನ್ನೂ ನೆನೆಯುತ್ತೇವೆ. ನೆನೆಯಬೇಕಾದದ್ದೇ. ಆದರೆ ಈ ಸಾಯಂಕಾಲ ನಾವು ಹೇಳಹೊರಟಿರುವುದು ಗೋಡೆಯ ಮೇಲೆ ಪಟವಿಲ್ಲದವರ ವಿಷಯ. ಅವರು ಬಂದೂಕು ಹಿಡಿಯಲಿಲ್ಲ, ಭಾಷಣ ಮಾಡಲಿಲ್ಲ. ರಾತ್ರಿಯ ಹೊತ್ತು ಯಾರೋ ಬಂದು ಕದ ತಟ್ಟಿದಾಗ ಬಾಗಿಲು ತೆರೆದರು. ಒಳಗೆ ಕರೆದುಕೊಂಡು ಮತ್ತೆ ಅಗಳಿ ಹಾಕಿದರು. ಅಷ್ಟೇ ಅವರು ಮಾಡಿದ್ದು.

ಇಂಥವರ ಕಥೆ ಜಗತ್ತಿನಲ್ಲಿ ಹೆಚ್ಚು ಪ್ರಸಿದ್ಧವಾಗಿರುವುದು ಯುರೋಪಿನದು. ಮೊದಲು ಅದನ್ನೇ ಹೇಳಿ ಆಮೇಲೆ ನಮ್ಮ ಮನೆಗೆ ಬರೋಣ.

1940ರ ಮೇ ತಿಂಗಳಲ್ಲಿ ಹಿಟ್ಲರನ ಸೈನ್ಯ ಹಾಲೆಂಡ್ ದೇಶವನ್ನು ಹಿಡಿಯಿತು. ಅಲ್ಲಿ ಸುಮಾರು 1 ಲಕ್ಷ 40 ಸಾವಿರ ಯಹೂದಿಗಳಿದ್ದರು. ಅವರನ್ನು ಮೊದಲು ಪಟ್ಟಿ ಮಾಡಿದರು, ಆಮೇಲೆ ನೌಕರಿಗಳಿಂದ ತೆಗೆದರು, ಆಮೇಲೆ ಬಟ್ಟೆಯ ಮೇಲೆ ಗುರುತು ಹಚ್ಚಿಸಿದರು, ಕೊನೆಗೆ ರೈಲುಗಳಲ್ಲಿ ತುಂಬಿ ಕೊಲ್ಲುವ ಶಿಬಿರಗಳಿಗೆ ಕಳಿಸಿದರು. ಯುದ್ಧ ಮುಗಿಯುವ ಹೊತ್ತಿಗೆ 1 ಲಕ್ಷಕ್ಕೂ ಮಿಕ್ಕಿ ಜನ ಸತ್ತಿದ್ದರು. ಉಳಿದವರಲ್ಲಿ ಬಹುಮಂದಿ ಉಳಿದದ್ದು ಯಾರದೋ ಅಟ್ಟದಲ್ಲಿ, ಯಾರದೋ ಹಿತ್ತಿಲ ಕೋಣೆಯಲ್ಲಿ, ಯಾವುದೋ ಹಳ್ಳಿಯ ಒಕ್ಕಲಿಗನ ಮನೆಯಲ್ಲಿ ಅಡಗಿಕೊಂಡು.

ಆಮ್‌ಸ್ಟರ್‌ಡಾಮ್ ನಗರದಲ್ಲಿ ಅಡಗಿದ್ದ ಆನ್ ಫ್ರಾಂಕ್ ಎಂಬ ಹುಡುಗಿಯ ದಿನಚರಿಯನ್ನು ನಮ್ಮಲ್ಲಿ ಅನೇಕರು ಓದಿರಬಹುದು. ಹುಡುಗಿಯ ಮಾತು ಎಲ್ಲರಿಗೂ ಗೊತ್ತು. ಅವಳಿಗೂ ಅವಳ ಜೊತೆಗಿದ್ದ ಏಳು ಜನರಿಗೂ 1942ರ ಜುಲೈ 6ರಿಂದ 1944ರ ಆಗಸ್ಟ್ 4ರವರೆಗೆ, ಅಂದರೆ ಎರಡು ವರ್ಷಕ್ಕೂ ಮೇಲೆ, ದಿನದಿನವೂ ಅನ್ನ ಮುಟ್ಟಿಸಿದವರು ಯಾರು? ಒಂದು ಸಣ್ಣ ವ್ಯಾಪಾರಿ ಕಚೇರಿಯ ನೌಕರರು. ಜಾಮು ಗಟ್ಟಿಯಾಗಲೆಂದು ಬೆರೆಸುವ ಪದಾರ್ಥವನ್ನೂ ಮಸಾಲೆಯನ್ನೂ ಮಾರುತ್ತಿದ್ದ ಕಚೇರಿ ಅದು. ಮೀಪ್ ಗೀಸ್, ಬೆಪ್ ವೊಸ್ಕುಯ್ಲ್ ಎಂಬ ಇಬ್ಬರು ಹೆಣ್ಣುಮಕ್ಕಳು, ಕುಗ್ಲರ್, ಕ್ಲೈಮನ್ ಎಂಬ ಇಬ್ಬರು ಗಂಡಸರು. ಇವರು ನಮ್ಮ ನಿಮ್ಮ ಹಾಗೆ ಬೆಳಿಗ್ಗೆ ಹಾಜರಿ ಹಾಕಿ, ಕಾಗದ ಪತ್ರ ಬರೆದು, ಲೆಕ್ಕ ನೋಡುತ್ತಿದ್ದವರು. ಅದೇ ಕಟ್ಟಡದ ಹಿಂಭಾಗದಲ್ಲಿ ಎಂಟು ಜೀವಗಳು ಉಸಿರು ಬಿಗಿಹಿಡಿದು ಕೂತಿದ್ದವು. ಒಳಗೆ ಹೋಗುವ ಬಾಗಿಲು ಕಾಣದಂತೆ ಪುಸ್ತಕದ ಕಪಾಟೊಂದನ್ನು ಮಾಡಿಕೊಟ್ಟವನು ಬೆಪ್‌ಳ ತಂದೆ; ಅವನು ಅಲ್ಲಿಯೇ ಗೋದಾಮಿನಲ್ಲಿ ಕೆಲಸಕ್ಕಿದ್ದ.

ಒಬ್ಬರನ್ನು ಬಚ್ಚಿಡುವುದೆಂದರೆ ಏನೆಂದು ಸ್ವಲ್ಪ ಯೋಚಿಸಿರಿ. ಧೈರ್ಯದ ಮಾತು ಒಂದು ಗಳಿಗೆಯದು, ಮಿಕ್ಕದ್ದೆಲ್ಲ ಮನೆವಾರ್ತೆ. ಯುದ್ಧಕಾಲದಲ್ಲಿ ರೇಷನ್ ಚೀಟಿಯಿಲ್ಲದೆ ಕಾಳುಕಡ್ಡಿ ಸಿಕ್ಕುವುದಿಲ್ಲ. ಅಡಗಿದವನಿಗೆ ಚೀಟಿಯಿಲ್ಲ. ಆದುದರಿಂದ ಯಾರೋ ಕಳ್ಳಚೀಟಿ ತರಬೇಕು. ಒಂದೇ ಅಂಗಡಿಯಲ್ಲಿ ಹೆಚ್ಚು ತರಕಾರಿ ಕೊಂಡರೆ ಅಂಗಡಿಯವನಿಗೆ ಸಂಶಯ ಬರುತ್ತದೆ; ಹತ್ತು ಕಡೆ ಹೋಗಿ ಸ್ವಲ್ಪ ಸ್ವಲ್ಪ ಕೊಳ್ಳಬೇಕು. ಕೆಮ್ಮು ಬಂದರೆ ನುಂಗಿಕೊಳ್ಳಬೇಕು. ಕಾಯಿಲೆಯಾದರೆ ವೈದ್ಯನನ್ನು ಕರೆಯುವಂತಿಲ್ಲ. ನೀರು ಸುರಿದ ಸದ್ದು ಕೆಳಗಿನ ಕೆಲಸಗಾರರಿಗೆ ಕೇಳಬಾರದು. ಇಷ್ಟೆಲ್ಲವನ್ನು ಎರಡು ವರ್ಷ, ಮುಖದಲ್ಲಿ ತೋರಗೊಡದೆ, ದಿನದ ಕೆಲಸದ ಜೊತೆಗೇ ಮಾಡಿದವರು ಈ ಗುಮಾಸ್ತರು. ಕೊನೆಗೆ ಪೊಲೀಸರು ಬಂದರು. ಎಂಟು ಜನರೊಡನೆ ಕುಗ್ಲರ್, ಕ್ಲೈಮನ್ ಇಬ್ಬರನ್ನೂ ಹಿಡಿದೊಯ್ದರು. ಆ ಎಂಟು ಜನರಲ್ಲಿ ಹುಡುಗಿಯ ತಂದೆಯೊಬ್ಬನೇ ತಿರುಗಿ ಬಂದ. ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ದಿನಚರಿಯ ಹಾಳೆಗಳನ್ನು ಎತ್ತಿಟ್ಟವಳು ಮೀಪ್. 2010ರಲ್ಲಿ, ನೂರು ವರ್ಷ ತುಂಬಿ ತೀರಿಕೊಳ್ಳುವವರೆಗೂ, ತನ್ನನ್ನು ವೀರಳೆಂದು ಯಾರಾದರೂ ಕರೆದರೆ ಆಕೆ ಒಪ್ಪುತ್ತಿರಲಿಲ್ಲ.

ಆಕೆಯ ವಿಷಯದಲ್ಲಿ ಇನ್ನೊಂದು ಮಾತು. ಆಕೆ ಹುಟ್ಟಿನಿಂದ ಹಾಲೆಂಡಿನವಳಲ್ಲ, ವಿಯೆನ್ನಾದವಳು. ಮೊದಲನೆಯ ಮಹಾಯುದ್ಧವಾದ ಮೇಲೆ ಅಲ್ಲಿ ಅನ್ನಕ್ಕೆ ತತ್ವಾರವಾದಾಗ, ಹನ್ನೊಂದು ವರ್ಷದ ಆ ಬಡಕಲು ಹುಡುಗಿಯನ್ನು ಹಾಲೆಂಡಿನ ಒಂದು ಸಂಸಾರ ಸಾಕಿಕೊಂಡಿತು. ಪರಊರಿನಲ್ಲಿ ಒಮ್ಮೆ ತನಗಾಗಿ ತೆರೆದ ಬಾಗಿಲನ್ನು ಆಕೆ ಮರೆತಿರಲಿಲ್ಲವೆಂದು ತೋರುತ್ತದೆ. ಪರಊರಿನಲ್ಲಿ ಬದುಕುವ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಹಾಲೆಂಡೊಂದೇ ಅಲ್ಲ. 1941ರ ಫೆಬ್ರುವರಿಯಲ್ಲಿ ಯಹೂದಿಗಳನ್ನು ಹಿಡಿದೊಯ್ದುದಕ್ಕೆ ಪ್ರತಿಭಟನೆಯಾಗಿ ಆಮ್‌ಸ್ಟರ್‌ಡಾಮಿನ ಟ್ರಾಮು ಕೆಲಸಗಾರರೂ ಬಂದರಿನ ಕೂಲಿಗಳೂ ಮುಷ್ಕರ ಹೂಡಿದರು. 1943ರಲ್ಲಿ ಡೆನ್ಮಾರ್ಕಿನ ಜನ 7 ಸಾವಿರಕ್ಕೂ ಮೇಲ್ಪಟ್ಟು ಯಹೂದಿಗಳನ್ನು ಮೀನುದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ಫ್ರಾನ್ಸಿನ ಬೆಟ್ಟದ ಮೇಲಿನ ಲ ಶಾಂಬೋನ್ ಎಂಬ ಹಳ್ಳಿ ಮತ್ತು ಅದರ ಸುತ್ತಲಿನ ಊರುಗಳು ಸಾವಿರಾರು ಜನರಿಗೆ ಆಸರೆ ಕೊಟ್ಟವು. ಪೋಲೆಂಡಿನಲ್ಲಂತೂ ಆಸರೆ ಕೊಟ್ಟವರಿಗೆ ಮರಣದಂಡನೆ, ಆದರೂ ಕೊಟ್ಟವರಿದ್ದರು. 1963ರಿಂದ ಜೆರುಸಲೇಮಿನ ಯಾದ್ ವಾಶೆಮ್ ಎಂಬ ಸಂಸ್ಥೆ ಇಂಥವರನ್ನು ಹುಡುಕಿ, ಸಾಕ್ಷ್ಯ ಕೇಳಿ, ಹೆಸರು ಬರೆದು ಗೌರವಿಸುತ್ತ ಬಂದಿದೆ. ಯಹೂದಿಯಲ್ಲದವನು ತನಗೆ ಅಪಾಯವಿದ್ದೂ, ಹಣಕ್ಕೆ ಆಸೆಪಡದೆ ಕಾಪಾಡಿರಬೇಕು. ಇದು ಅವರ ನಿಯಮ. ಈವರೆಗೆ 28 ಸಾವಿರಕ್ಕೂ ಹೆಚ್ಚು ಹೆಸರುಗಳು ಆ ಪಟ್ಟಿಯಲ್ಲಿ ಸೇರಿವೆ.

ಈಗ ನಮ್ಮ ನೆಲಕ್ಕೆ ಬರೋಣ.

ಅಂದಿನ ಹೈದರಾಬಾದ್ ಸಂಸ್ಥಾನದಲ್ಲಿ 16 ಜಿಲ್ಲೆಗಳು. ತೆಲುಗು, ಮರಾಠಿ, ಕನ್ನಡ ಮೂರೂ ನುಡಿಗಳ ನಾಡು. ಕಚೇರಿಯ ಭಾಷೆ ಉರ್ದು. 1947ರ ಆಗಸ್ಟಿನಲ್ಲಿ ದೇಶವೆಲ್ಲ ಸ್ವತಂತ್ರವಾದಾಗ ನಿಜಾಮರು ಭಾರತಕ್ಕೆ ಸೇರಲೊಪ್ಪಲಿಲ್ಲ. ಕಾಸಿಂ ರಜ್ವಿಯ ಹಿಂದೆ ರಜಾಕಾರರ ಪಡೆ ಬೆಳೆಯಿತು. ಊರೂರಿಗೆ ಹೋಗಿ ಹಣ ವಸೂಲು ಮಾಡುವುದು, ಕೊಡದಿದ್ದರೆ ಲೂಟಿ, ಎದುರು ನಿಂತರೆ ಕೊಲೆ. ಒಂದು ವರ್ಷ ಹಳ್ಳಿಗಾಡಿನ ಜನ ನಿದ್ದೆಗೆಟ್ಟರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ಆದ ಹತ್ಯಾಕಾಂಡವನ್ನು ಆ ಕಡೆಯವರು ಇಂದಿಗೂ ಮರೆತಿಲ್ಲ. ಸಾವಿರಾರು ಸಂಸಾರಗಳು ಗಡಿ ದಾಟಿ ಮುಂಬಯಿ ಪ್ರಾಂತ, ಮದರಾಸು ಪ್ರಾಂತಗಳ ಊರುಗಳನ್ನು ಸೇರಿದವು.

ಆ ಕಾಲದಲ್ಲಿ ಮುಸಲ್ಮಾನರೆಲ್ಲ ರಜಾಕಾರರ ಬೆನ್ನಿಗಿದ್ದರೆಂದು ತಿಳಿದರೆ ದೊಡ್ಡ ತಪ್ಪಾಗುತ್ತದೆ. ಫರೀದ್ ಮಿರ್ಜಾ ಎಂಬವರು ನಾಂದೇಡ ಜಿಲ್ಲೆಯ ಕಡೆ ಕಂದಾಯ ಅಧಿಕಾರಿಯಾಗಿದ್ದರು. ರಜಾಕಾರರ ಅನ್ಯಾಯವನ್ನು ನೋಡಿಕೊಂಡು ಸರಕಾರದ ಸಂಬಳ ತಿನ್ನಲಾರೆನೆಂದು 1948ರಲ್ಲಿ ನೌಕರಿಗೆ ರಾಜೀನಾಮೆ ಕೊಟ್ಟರು. ಸರಕಾರಿ ನೌಕರಿ ಬಿಡುವುದೆಂದರೆ ಏನೆಂದು ಈ ಸಭೆಗೆ ವಿವರಿಸಬೇಕಾಗಿಲ್ಲ. ಆಮೇಲೆ ಅವರೂ ಇನ್ನು ಕೆಲವರು ಮುಸಲ್ಮಾನ ಗೃಹಸ್ಥರೂ ಸೇರಿ ರಜಾಕಾರರ ವಿರುದ್ಧ ಬಹಿರಂಗ ಹೇಳಿಕೆ ಹೊರಡಿಸಿದರು. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನರು ಅದನ್ನು ಪ್ರಕಟಿಸಿದರು. ಭಾರತಕ್ಕೆ ಸೇರುವುದೇ ಲೇಸೆಂದು ತಾವೂ ಬರೆದರು. ಅದೇ ಆಗಸ್ಟಿನ ಒಂದು ರಾತ್ರಿ, ಕಚೇರಿಯಿಂದ ಮನೆಗೆ ಮರಳುವಾಗ, ಇದೇ ನಗರದ ಕಾಚೀಗುಡದ ಕಡೆ ಅವರನ್ನು ಅಡ್ಡಗಟ್ಟಿ ಕೊಂದರು. ಬರೆದ ಕೈಯನ್ನೂ ಕಡಿದರು. ವಯಸ್ಸು ಮೂವತ್ತೂ ಆಗಿರಲಿಲ್ಲ. ಕಾಚೀಗುಡದಲ್ಲಿ ರೈಲು ಇಳಿದು ಊರಿನ ಬುತ್ತಿ ಹಿಡಿದು ನಡೆದು ಬರುವ ನಮ್ಮಲ್ಲಿ ಎಷ್ಟು ಜನ ಆ ಹೆಸರನ್ನು ಕೇಳಿದ್ದೇವೆ?

ಇವು ಹೆಸರಿರುವ ಮಾತು. ಹೆಸರಿಲ್ಲದ ಮಾತು ನಮ್ಮ ಕಡೆಯ ಮನೆಗಳಲ್ಲಿದೆ. ಈ ರಾತ್ರಿ ಊರಲ್ಲಿರಬೇಡಿರೆಂದು ಮುಂಚಿತವಾಗಿ ಸುಳಿವು ಕೊಟ್ಟ ಮುಸಲ್ಮಾನ ನೆರೆಯವನ ಕಥೆಯನ್ನು, ತನ್ನ ಮನೆಯ ಹೆಂಗಸರ ನಡುವೆ ಪಕ್ಕದ ಮನೆಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡ ಮುದುಕಿಯ ಕಥೆಯನ್ನು ಹಿರಿಯರು ಹೇಳುತ್ತ ಬಂದಿದ್ದಾರೆ.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಸಂಸ್ಥಾನವನ್ನು ಹೊಕ್ಕಿತು. 17ಕ್ಕೆ ನಿಜಾಮರು ಶರಣಾದರು. ಜನ ಆ ಕ್ರಮವನ್ನು ಪೊಲೀಸ್ ಕಾರ್ಯಾಚರಣೆ ಎಂದು ಕರೆದರು. ಬಹುಜನರಿಗೆ ಅದು ಬಿಡುಗಡೆ. ಆದರೆ ಆ ಬಿಡುಗಡೆಯ ಹಿಂದೆಯೇ ಇನ್ನೊಂದು ದುಃಖ ಬಂದಿತು. ರಜಾಕಾರರ ಮೇಲಿನ ಸಿಟ್ಟು ರಜಾಕಾರರಲ್ಲದ ಮುಸಲ್ಮಾನರ ಮೇಲೆ ತಿರುಗಿತು. ಎಷ್ಟೋ ಹಳ್ಳಿಗಳಲ್ಲಿ ಒಕ್ಕಲುತನ ಮಾಡಿಕೊಂಡಿದ್ದವರು, ಮಗ್ಗ ನೇಯುತ್ತಿದ್ದವರು, ಯಾರಿಗೂ ಕೇಡೆಣಿಸದವರು ಸತ್ತರು.

ಏನಾಯಿತೆಂದು ನೋಡಿ ಬರಲು, ಜನರಲ್ಲಿ ಸೌಹಾರ್ದ ತರಲು, ಪ್ರಧಾನಿ ನೆಹರೂ ಅವರ ಸರಕಾರ ಒಂದು ಮಂಡಲಿಯನ್ನು ಕಳಿಸಿತು. ಪಂಡಿತ ಸುಂದರಲಾಲರು ಅದರ ಮುಖ್ಯಸ್ಥರು. ಕಾಜಿ ಅಬ್ದುಲ್ ಗಫಾರರೂ ಮೌಲಾನಾ ಅಬ್ದುಲ್ಲಾ ಮಿಸ್ರಿಯವರೂ ಜೊತೆಗಿದ್ದರು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಅವರು 9 ಜಿಲ್ಲೆಗಳಲ್ಲಿ ಸಂಚರಿಸಿದರು. ಸಂಸ್ಥಾನದಲ್ಲಿ ಒಟ್ಟು 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜು ಮಾಡಿದರು. ಈ ಅಂಕಿಗಳ ಬಗ್ಗೆ ಇಂದಿಗೂ ವಾದವಿವಾದಗಳಿವೆ. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅವರು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ. ಇವುಗಳಲ್ಲಿ ಎರಡು ನಮ್ಮವು. ಈ ಸಭೆಯಲ್ಲಿರುವ ಅನೇಕರ ಊರುಗಳು ಆ ಎರಡು ಜಿಲ್ಲೆಗಳಲ್ಲಿವೆ.

ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಈ ಭಾಷಣಕ್ಕೆ ಕಾರಣವಾದದ್ದು ಅದೇ. ತಮ್ಮ ನೆರೆಯ ಮುಸಲ್ಮಾನ ಗಂಡಸರನ್ನೂ ಹೆಂಗಸರನ್ನೂ ಹಿಂದೂಗಳು ತಮ್ಮ ಪ್ರಾಣವನ್ನೂ ಲೆಕ್ಕಿಸದೆ ಕಾಪಾಡಿದ ನಿದರ್ಶನಗಳು ಕಂಡುಬಂದವೆಂದು ಮಂಡಲಿ ಬರೆದಿದೆ. ಕೆಲವು ಕಸುಬುಗಳವರಲ್ಲಿ ಈ ಬಾಂಧವ್ಯ ವಿಶೇಷವಾಗಿತ್ತೆಂದೂ, ಕೆಲವೆಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರ ಪರವಾಗಿ ನಿಂತು, ಹಿಂದೂಗಳನ್ನೇ ಎದುರಿಸಿ, ತಮ್ಮವರ ಜೀವ ಕಳೆದುಕೊಂಡೂ ಅವರನ್ನು ರಕ್ಷಿಸಿದರೆಂದೂ ಹೇಳಿದೆ. ಅಪಹರಣವಾದ ಮುಸಲ್ಮಾನ ಹೆಣ್ಣುಮಕ್ಕಳನ್ನು ಹುಡುಕಿ ತರಲು ಅನೇಕ ಹಿಂದೂಗಳು ನೆರವಾದರೆಂದೂ ತಿಳಿಸಿದೆ.

ನೇಕಾರರೇ ಏಕೆ? ಮಗ್ಗದ ಕೇರಿಯನ್ನು ಬಲ್ಲವರಿಗೆ ಇದು ಒಗಟಲ್ಲ. ಒಬ್ಬನೇ ಕೂತು ಸೀರೆ ನೇಯಬಹುದು; ಆದರೆ ಅದಕ್ಕೆ ಮುಂಚಿನ ಕೆಲಸ ಒಬ್ಬನಿಂದಾಗದು. ನೂಲಿಗೆ ಗಂಜಿ ಕೊಟ್ಟು ಬೀದಿಯುದ್ದಕ್ಕೂ ಹಾಸು ಎಳೆದು ಕಟ್ಟುವಾಗ ಕೇರಿಯ ಕೈಗಳೆಲ್ಲ ಬೇಕು. ಇವತ್ತು ಇವನ ಹಾಸಿಗೆ ಅವನು, ನಾಳೆ ಅವನ ಹಾಸಿಗೆ ಇವನು. ಮಳೆಹನಿ ಬಿದ್ದರೆ ಇಬ್ಬರ ಹೊಟ್ಟೆಗೂ ಪೆಟ್ಟು. ನೂಲಿನ ಸಾಹುಕಾರ ಇಬ್ಬರಿಗೂ ಅವನೇ, ಸಾಲವೂ ಒಂದೇ ಬಗೆಯದು, ಸಂತೆಯ ದರವೂ ಒಂದೇ. ಹೀಗೆ ಇಪ್ಪತ್ತು ಮೂವತ್ತು ವರ್ಷ ಕೆಲಸ ಮಾಡಿದವನನ್ನು ಕೊಲ್ಲಲು ಹೊರಗಿನ ಗುಂಪು ಬಂದಾಗ, ಅವನ ದೇವರ ಹೆಸರು ಕೇಳುವ ಯೋಚನೆ ಮನಸ್ಸಿಗೆ ಬರುವುದಿಲ್ಲ. ಹಾಸುಹೊಕ್ಕು ಎಂಬ ಮಾತನ್ನು ನಾವು ಹಗುರಾಗಿ ಆಡುತ್ತೇವೆ. ಅವರು ಅದನ್ನು ಪ್ರಾಣ ಕೊಟ್ಟು ಆಡಿದರು.

ಇದರ ಹಿಂದೆ ನಮ್ಮ ಸೀಮೆಯ ಹಳೆಯ ರೂಢಿಯೂ ಇದೆ. ಕಲಬುರಗಿಯಲ್ಲಿ ಶರಣಬಸವೇಶ್ವರರ ಗುಡಿಯೂ ಬಂದೇನವಾಜರ ದರ್ಗಾವೂ ಒಂದೇ ಊರಿನವು. ತಿಂಥಣಿಯ ಮೌನೇಶ್ವರನಿಗೆ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ. ಮೊಹರಮ್ಮಿನಲ್ಲಿ ಅಲಾಯಿ ಹೊತ್ತು ಕುಣಿಯುವವರಲ್ಲಿ ಒಕ್ಕಲಿಗರ ಮಕ್ಕಳಿರುತ್ತಾರೆ. ಪಕ್ಕದ ಮನೆಯ ಮುಸಲ್ಮಾನನನ್ನು ಕಾಕಾ ಎಂದೇ ಕರೆದು ಬೆಳೆದವರು ನಾವು. ರೂಢಿಯೊಂದೇ ಕಾಪಾಡುತ್ತದೆಂದು ಮಾತ್ರ ಹೇಳಲಾರೆವು. ಅದೇ ರೂಢಿಯ ಊರುಗಳಲ್ಲಿಯೇ ಕೊಲೆಗಳೂ ಆದವು. ಕಾಕಾ ಎಂಬ ಕರೆ ಎಲ್ಲರ ಬಾಯಲ್ಲೂ ಇತ್ತು. ಕಷ್ಟ ಬಂದ ದಿನ ಅದಕ್ಕೆ ಬೆಲೆ ಕೊಟ್ಟವರು ಕೆಲವರು. ಆ ಕೆಲವರನ್ನು ಗುರುತಿಸುವುದು ನಮ್ಮ ಕೆಲಸ.

ಯುರೋಪಿನ ಸಂಗತಿಗೂ ನಮ್ಮದಕ್ಕೂ ವ್ಯತ್ಯಾಸವಿದೆ, ಅದನ್ನು ಮರೆಮಾಚಬಾರದು. ಅಲ್ಲಿ ಒಂದು ಸರಕಾರವೇ ಒಂದು ಜನಾಂಗವನ್ನು ಅಳಿಸಲು ರೈಲು, ಕಚೇರಿ, ಕಾಗದ ಪತ್ರಗಳೊಡನೆ ವರ್ಷಗಟ್ಟಲೆ ದುಡಿಯಿತು. ಸುಮಾರು 60 ಲಕ್ಷ ಯಹೂದಿಗಳು ಸತ್ತರು. ಅಂಥದಕ್ಕೆ ಸಾಟಿ ಹುಡುಕುವುದು ತರವಲ್ಲ. ಆದರೆ ಕದ ತೆರೆಯುವವನ ಕಷ್ಟ ಒಂದು ರೀತಿಯಲ್ಲಿ ಇಲ್ಲಿ ಹೆಚ್ಚಿನದು. ಹಾಲೆಂಡಿನಲ್ಲಿ ಕದ ತಟ್ಟಿ ಹುಡುಕುವವನು ಪರದೇಶದ ಆಳ್ವಿಕೆಯ ಪೊಲೀಸು. ಇಲ್ಲಿ ಹುಡುಕಿಕೊಂಡು ಬಂದವರಲ್ಲಿ ತನ್ನ ಊರಿನವನೇ, ತನ್ನ ಜಾತಿಯವನೇ, ಒಮ್ಮೊಮ್ಮೆ ಬೀಗನೇ ಇರಬಹುದು. ಅವನಿಗೆ ಇಲ್ಲವೆಂದು ಹೇಳಿದ ಮೇಲೆ ನಾಳೆ ಅದೇ ಬಾವಿಯಲ್ಲಿ ನೀರು ಸೇದಬೇಕು, ಅದೇ ಮನೆಯಿಂದ ಹೆಣ್ಣು ತರಬೇಕು, ಅದೇ ಕಣದಲ್ಲಿ ರಾಶಿ ಮಾಡಬೇಕು. ಸೈನ್ಯ ಒಂದು ದಿನ ಹೊರಟುಹೋಗುತ್ತದೆ, ನೆಂಟರು ಹೋಗುವುದಿಲ್ಲ.

ಹೆಸರುಗಳು ಉಳಿಯದೆ ಹೋದುದಕ್ಕೂ ಇದೇ ಒಂದು ಕಾರಣ. ಮಾಡಿದವನು ಊರಿನ ಕಣ್ಣಿಗೆ ಹೆದರಿ ಬಾಯಿಬಿಡಲಿಲ್ಲ. ಉಳಿದವನು ಹಳೆಯ ಹುಣ್ಣು ಕೆದಕಲು ಒಲ್ಲದೆ ಸುಮ್ಮನಾದ. ಸುಂದರಲಾಲ ಮಂಡಲಿಯ ವರದಿಯೂ ಸರಕಾರದ ಕಪಾಟಿನಲ್ಲಿಯೇ ಉಳಿಯಿತು. ಅದರ ಭಾಗಗಳು 1988ರಲ್ಲಿ ಒಂದು ಪುಸ್ತಕದಲ್ಲಿ ಅಚ್ಚಾದವು. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಸಾರ್ವಜನಿಕರ ಓದಿಗೆ ಸಿಕ್ಕುವ ಹೊತ್ತಿಗೆ 2013 ಆಗಿತ್ತು. ಅಷ್ಟರಲ್ಲಿ ಕಥೆ ಎರಡು ಪಾಲಾಗಿತ್ತು. ಒಂದು ಮನೆಯಲ್ಲಿ ರಜಾಕಾರರ ಹಾವಳಿಯನ್ನು ಮಾತ್ರ ಹೇಳುತ್ತಾರೆ. ಇನ್ನೊಂದು ಮನೆಯಲ್ಲಿ ಪೊಲೀಸ್ ಕಾರ್ಯಾಚರಣೆಯ ನಂತರದ ದಿನಗಳನ್ನು ಮಾತ್ರ ಹೇಳುತ್ತಾರೆ. ಎರಡೂ ನಿಜ. ಅರ್ಧರ್ಧ ಹೇಳಿದರೆ ಎರಡೂ ದ್ವೇಷಕ್ಕೆ ಸೌದೆಯಾಗುತ್ತವೆ. ಕಾಪಾಡಿದವರ ಕಥೆಯೊಂದೇ ಎರಡು ಮನೆಗೂ ಸೇರಿದ್ದು. ಏಕೆಂದರೆ ಅದನ್ನು ಹೇಳಬೇಕಾದರೆ ಹೊರಗೆ ಬಂದ ಗುಂಪು ಯಾರದೆಂದೂ ಹೇಳಬೇಕು, ಒಳಗೆ ಕರೆದವನು ಯಾರೆಂದೂ ಹೇಳಬೇಕು. ಅಲ್ಲಿ ಯಾವ ಪಂಗಡವೂ ಪೂರ್ತಿ ಒಳ್ಳೆಯದಾಗುವುದಿಲ್ಲ, ಪೂರ್ತಿ ಕೆಟ್ಟದ್ದೂ ಆಗುವುದಿಲ್ಲ.

ಬಂಧುಗಳೇ, ಹೊತ್ತು ಬಹಳ ಉಳಿದಿಲ್ಲ. 1948ರಲ್ಲಿ ಹತ್ತು ವರ್ಷದ ಹುಡುಗನಾಗಿದ್ದವನಿಗೆ ಈಗ ಎಂಬತ್ತೈದು ದಾಟಿದೆ. ಇನ್ನು ಕೆಲವೇ ವರ್ಷಗಳಲ್ಲಿ ಕಣ್ಣಾರೆ ಕಂಡವರು ಯಾರೂ ಇರುವುದಿಲ್ಲ. ವಾಚನಾಲಯದ ಮೇಜಿನ ಮೇಲೆ ಇಂದಿನಿಂದ ಒಂದು ದಪ್ಪ ನೋಟುಬುಕ್ಕು ಇರುತ್ತದೆ. ನೀವು ದಸರೆಗೋ, ಉಗಾದಿಗೋ, ಮೊಹರಮ್ಮಿಗೋ, ಊರ ಜಾತ್ರೆಗೋ ಹೋದಾಗ ಮನೆಯ ಮುದುಕರ ಬಳಿ ಅರ್ಧ ಗಂಟೆ ಕೂತು ಕೇಳಿರಿ. ಆಗ ನಮ್ಮ ಮನೆಯಲ್ಲಿ ಯಾರಾದರೂ ಅಡಗಿದ್ದರೇ? ನಾವೇ ಯಾರ ಮನೆಯಲ್ಲಾದರೂ ಅಡಗಿದ್ದೆವೇ? ಎಷ್ಟು ದಿನ? ಊಟಕ್ಕೆ ಏನು ಮಾಡಿದಿರಿ? ಹಸುಗೂಸು ಅತ್ತರೆ ಏನು ಮಾಡಿದಿರಿ? ಯಾರಿಗೆ ಗೊತ್ತಿತ್ತು, ಯಾರಿಗೆ ಗೊತ್ತಿರಲಿಲ್ಲ? ಆಮೇಲೆ ಆ ಎರಡು ಮನೆಗಳ ನಡುವೆ ಹೋಗಿಬರುವುದು ಉಳಿಯಿತೇ?

ಬರೆಯುವಾಗ ಮೂರು ಎಚ್ಚರಗಳು ಬೇಕು. ಕೇಳಿದ್ದನ್ನು ಕೇಳಿದಂತೆಯೇ ಬರೆಯಿರಿ, ಬಣ್ಣ ಕಟ್ಟಬೇಡಿರಿ. ಹೇಳಿದವರ ಹೆಸರನ್ನೂ ಊರನ್ನೂ ಅವರು ಒಪ್ಪಿದರೆ ಮಾತ್ರ ಹಾಕಿರಿ. ಹಾಳು ಮಾಡಿದವನ ಹೆಸರು ಬಾಯಿಗೆ ಬಂದರೆ ಅದನ್ನು ಬಿಟ್ಟುಬಿಡಿರಿ. ಅವನ ಮೊಮ್ಮಕ್ಕಳು ಅದೇ ಊರಿನಲ್ಲಿ ಬಾಳುತ್ತಿದ್ದಾರೆ, ಅವರದೇನೂ ತಪ್ಪಿಲ್ಲ. ಮುಸಲ್ಮಾನ ಸದಸ್ಯರೂ ಬರೆಯಲಿ, ಹಿಂದೂ ಸದಸ್ಯರೂ ಬರೆಯಲಿ, ಒಂದೇ ಪುಸ್ತಕದಲ್ಲಿ. ಬರೆಯಲು ಬಾರದವರು ಹೇಳಿದರೆ ಭಾನುವಾರ ಇಲ್ಲಿ ಕೂರುವ ವಿದ್ಯಾರ್ಥಿಗಳು ಬರೆದುಕೊಡುತ್ತಾರೆ.

ಇದರಿಂದ ಏನು ಪ್ರಯೋಜನವೆಂದು ಕೇಳಬಹುದು. ಸತ್ತವರು ಮರಳುವುದಿಲ್ಲ, ಅದು ದಿಟ. ಆದರೆ ನಮ್ಮಂಥವರಿಗೆ ಇದರಲ್ಲೊಂದು ಪಾಠವಿದೆ. ನಾವು ದೊಡ್ಡವರಲ್ಲ. ಬಾಡಿಗೆ ಕೋಣೆಗಳಲ್ಲಿ ಇರುವವರು, ಕಟ್ಟಡದ ಕೆಲಸದವರು, ಹೋಟೆಲಿನವರು, ಗುಮಾಸ್ತರು. ಊರಿನಲ್ಲಿ ಗದ್ದಲವೆದ್ದರೆ ನಾವೇನು ಮಾಡಬಲ್ಲೆವೆಂದು ಕೈಚೆಲ್ಲುವುದು ಸುಲಭ. ಆಮ್‌ಸ್ಟರ್‌ಡಾಮಿನ ಕಚೇರಿಯ ಆ ನಾಲ್ವರೂ ದೊಡ್ಡವರಾಗಿರಲಿಲ್ಲ. ನಮ್ಮ ಸಂಸ್ಥಾನದ ನೇಕಾರರೂ ಅಲ್ಲ. ಅವರಲ್ಲಿದ್ದುದು ಒಂದು ಕೋಣೆ, ಒಂದು ಅಗಳಿ, ನಾಲಗೆಯ ಮೇಲೆ ಹಿಡಿತ, ಮತ್ತು ಪಕ್ಕದವನ ಮುಖದ ಪರಿಚಯ. ಕೊನೆಯದು ಇಲ್ಲದಿದ್ದರೆ ಮೊದಲಿನ ಮೂರೂ ಉಪಯೋಗಕ್ಕೆ ಬಾರವು. ಆ ಪರಿಚಯ ಗದ್ದಲದ ದಿನ ಆಗುವಂಥದಲ್ಲ. ಶಾಂತಿಯ ದಿನಗಳಲ್ಲಿಯೇ ಮಾಡಿಟ್ಟುಕೊಳ್ಳಬೇಕಾದದ್ದು. ನೀವಿರುವ ಓಣಿಯಲ್ಲಿ ಎಡಗಡೆಯ ಮನೆಯವರ ಹೆಸರು ನಿಮಗೆ ಗೊತ್ತೇ? ಬಲಗಡೆಯವರದು? ಗೊತ್ತಿಲ್ಲದಿದ್ದರೆ ಇಂದು ಮನೆಗೆ ಹೋಗುವಾಗ ಕೇಳಿ ತಿಳಿದುಕೊಳ್ಳಿರಿ.

 ನೋಟುಬುಕ್ಕಿನ ಮೊದಲನೆಯ ಪುಟ ಖಾಲಿಯಿದೆ.